ಪೆರಂಬೂರಿನ ಮನೆಗೆ ಎರಡನೆಯ ಪಾತ್ರೆ ಯಂತ್ರ

ಮದರಾಸಿಗೆ ಬಂದ ಮೊದಲ ದಿನ ನಾನು ಒಲೆಯ ಮೇಲಿಟ್ಟ ಬೇಳೆ ಬೇಯಲಿಲ್ಲ.

ಆಗ ನನಗೆ ಇಪ್ಪತ್ತೆರಡು ವರ್ಷ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು, ಕುಂದಾಪುರದ ಕಡೆಯ ಹೋಟೆಲುಗಳಲ್ಲಿ ಒಲೆಯ ಮುಂದೆ ನಿಂತು ಕೆಲಸ ಕಲಿತವನು. ಇನ್ನೂರು ಜನರ ಸಾಂಬಾರಿಗೆ ಉಪ್ಪು ಹಾಕಿದರೆ ಇನ್ನೊಬ್ಬರು ನಾಲಿಗೆಗೆ ಹಚ್ಚಿ ನೋಡುವ ಅಗತ್ಯ ಇರಲಿಲ್ಲ. ತಿರುವೊಟ್ಟಿಯೂರಿನಲ್ಲಿ ನಮ್ಮ ಕಡೆಯವರೇ ನಡೆಸುತ್ತಿದ್ದ ಒಂದು ಸಸ್ಯಾಹಾರಿ ಹೋಟೆಲಿಗೆ ಅಡುಗೆಯವನಾಗಿ ಬಂದಿಳಿದಿದ್ದೆ. ಬೇಳೆ ಇಟ್ಟೆ. ಒಂದು ಗಂಟೆ ಆಯಿತು, ಎರಡು ಗಂಟೆ ಆಯಿತು. ಬೇಳೆ ಕುದಿಯುವ ನೀರಿನಲ್ಲಿ ಮೇಲೆ ಕೆಳಗೆ ಓಡಾಡುತ್ತಿತ್ತೇ ಹೊರತು ಒಡೆಯಲಿಲ್ಲ. ಬೆರಳಿನಲ್ಲಿ ಹಿಸುಕಿದರೆ ಮರಳಿನ ಹಾಗೆ ಜಾರುತ್ತಿತ್ತು. ಹೊರಗೆ ಊಟದ ಎಲೆ ಹಾಕುವ ಹೊತ್ತಾಗಿತ್ತು. ಅಲ್ಲಿದ್ದ ಹಳೆಯ ಅಡುಗೆಯವರೊಬ್ಬರು ಬಂದು ಪಾತ್ರೆಯೊಳಗೆ ಇಣುಕಿದರು.

"ಯಾವ್ ನೀರ್ ಹಾಕಿದ್ದೆ?"

"ನೀರಲ್ಲಿ ಯಾವ್ದ್ ಎಂತ? ನೀರ್ ನೀರೇ ಅಲ್ದಾ?"

"ಊರಲ್ಲಿ ನೀರ್ ನೀರೇ ಮಗ. ಇಲ್ಲಿ ಮೊದ್ಲ್ ನೀರಿನ ಜಾತಿ ಕೇಣ್ಕ್, ಮತ್ತೆ ಬೇಳೆ ಇಡ್ಕ್."

ಈ ಊರಿನಲ್ಲಿ ನಾನು ಕಲಿತ ಮೊದಲ ತಮಿಳು ಮಾತುಗಳು ನೀರಿನವೇ. ಬೋರ್‌ವೆಲ್ಲಿನಿಂದ ಬರುವುದು ಉಪ್ಪು ತಣ್ಣಿ. ಅದು ಕೈ ತೊಳೆಯಲಿಕ್ಕೆ, ನೆಲ ಒರೆಸಲಿಕ್ಕೆ. ನಗರದ ಪೈಪಿನಲ್ಲಿ ದಿನ ಬಿಟ್ಟು ದಿನ ಬರುವುದು ನಲ್ಲ ತಣ್ಣಿ, ಅಂದರೆ ಒಳ್ಳೆಯ ನೀರು. ಅದು ಬೇಳೆಗೆ, ಅನ್ನಕ್ಕೆ. ಕುಡಿಯಲಿಕ್ಕೆ ಹೆಗಲ ಮೇಲೆ ಹೊತ್ತು ತರುವ ಕ್ಯಾನಿನ ನೀರು. ನಮ್ಮ ಕಡೆ ಒಂದು ಬಾವಿ, ಒಂದು ಕೊಡಪಾನ, ಅದರಲ್ಲೇ ದೇವರ ಅಭಿಷೇಕದಿಂದ ಹಿಡಿದು ದನಕ್ಕೆ ಕುಡಿಯಲಿಕ್ಕೆ ಬಾಯಾರು ಕೊಡುವವರೆಗೆ ಎಲ್ಲ. ಇಲ್ಲಿ ನೀರಿಗೂ ಅಂತಸ್ತು. ಈ ಉಪ್ಪು ನೀರು ಪಾತ್ರೆಗೆ ತಾಗಿದರೆ ಬಿಳಿ ಚುಕ್ಕೆ, ನಲ್ಲಿಗೆ ತಾಗಿದರೆ ಬಿಳಿ ಗಂಟು. ಮನುಷ್ಯರ ಚರ್ಮಕ್ಕೆ ತಾಗಿದರೆ ಏನಾಗುತ್ತದೆ ಎಂದು ನಾನು ಆಗ ಯೋಚಿಸಿರಲಿಲ್ಲ.

ಮದುವೆಯಾಗಿ ಸುಮತಿಯನ್ನು ಕರೆದುಕೊಂಡು ಬಂದದ್ದು ಪೆರಂಬೂರಿಗೆ. ರೈಲ್ವೆ ವರ್ಕ್‌ಶಾಪಿನ ಸೈರನ್ ಕೇಳುವಷ್ಟು ಹತ್ತಿರ, ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಮನೆ ಕೊಡುವ ಮೊದಲು ಮಾಲಕರು ನನ್ನ ಕೆಲಸ ಕೇಳಿದರು. ಹೋಟೆಲಿನ ಅಡುಗೆ ಅಂದಾಗ ಮುಖ ಸ್ವಲ್ಪ ಬಿಗಿಯಿತು, ಸಸ್ಯಾಹಾರಿ ಅಂದಾಗ ಸಡಿಲವಾಯಿತು. ನನ್ನ ಕೆಲಸ ಅಷ್ಟರೊಳಗೆ ವಡಪಳನಿಯ ಇನ್ನೊಂದು ಹೋಟೆಲಿಗೆ ಬದಲಾಗಿತ್ತು. ಬೆಳಗ್ಗೆ ನಾಲ್ಕಕ್ಕೆ ಹೊರಟರೆ ಮಧ್ಯಾಹ್ನ ಮೂರಕ್ಕೆ ಮನೆ. ಇಂದಿಗೂ ಅದೇ. ಈಗ ನಾನು ಅಲ್ಲಿಯ ಹೆಡ್ ಅಡುಗೆಯವ, ನನ್ನ ಕೈಕೆಳಗೆ ಹನ್ನೊಂದು ಜನ. ಇದನ್ನು ಹೇಳಿಕೊಳ್ಳುವುದಕ್ಕೆ ನನಗೆ ನಾಚಿಕೆ ಇಲ್ಲ.

ಆ ಮನೆಯ ಅಡುಗೆಕೋಣೆ ನಾಲ್ಕು ಹೆಜ್ಜೆ ಉದ್ದ, ಎರಡು ಹೆಜ್ಜೆ ಅಗಲ, ಒಂದೇ ಸಿಂಕು. ಊರಿನ ಮನೆಯಲ್ಲಿ ಉಂಡ ಬಟ್ಟಲು ತೊಳೆಯುವ ಕಲ್ಲು ಬೇರೆ, ಅನ್ನದ ಪಾತ್ರೆ ತಿಕ್ಕುವ ಜಾಗ ಬೇರೆ ಇತ್ತು. ಹಾಲಿನ ಪಾತ್ರೆ ಇವೆರಡರ ಹತ್ತಿರವೂ ಸುಳಿಯುತ್ತಿರಲಿಲ್ಲ. ಹೋಟೆಲಿನಲ್ಲೂ ಹಾಗೆಯೇ, ಗಿರಾಕಿಗಳ ಎಂಜಲು ತಟ್ಟೆಗೆ ಒಂದು ತೊಟ್ಟಿ, ಅಡುಗೆಯ ಪಾತ್ರೆಗೆ ಇನ್ನೊಂದು ತೊಟ್ಟಿ, ನಡುವೆ ಗೋಡೆ. ಈ ಒಂದು ಸಿಂಕಿನಲ್ಲಿ ಸುಮತಿ ಹೇಗೆ ಸುಧಾರಿಸಿಕೊಂಡಳು ಎಂದು ನಾನು ಇಪ್ಪತ್ತು ವರ್ಷ ಒಮ್ಮೆಯೂ ಕೇಳಲಿಲ್ಲ. ನಾನು ಬರುವ ಹೊತ್ತಿಗೆ ಪಾತ್ರೆಗಳು ಒಣಗಿ, ಬೋರಲಾಗಿ, ಸಾಲಾಗಿ ಇರುತ್ತಿದ್ದವು.

ಕೈಯ ತೊಂದರೆ ಶುರುವಾದದ್ದು ಬೆರಳಿನ ಸಂದಿಯಲ್ಲಿ ತುರಿಕೆಯಿಂದ. ಮತ್ತೆ ಚರ್ಮ ದಪ್ಪವಾಯಿತು, ಬೇಸಿಗೆಯ ಗದ್ದೆಯ ಹಾಗೆ ಬಿರಿಯಿತು. ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಒತ್ತುವ ಯಂತ್ರ ಇದೆಯಲ್ಲ, ಅದು ಅವಳ ಬೆರಳನ್ನು ಗುರುತಿಸುವುದನ್ನು ಬಿಟ್ಟಿತು. ಅಂಗಡಿಯವನು ಒರೆಸಿ ಒತ್ತಿ, ಎಣ್ಣೆ ಹಚ್ಚಿ ಒತ್ತಿ ಎಂದು ಹತ್ತು ಸಲ ಒತ್ತಿಸಿ, ಕಡೆಗೆ "ಅಮ್ಮಾ, ಉಂಗಳುಕ್ಕು ರೇಗೆಯೇ ಇಲ್ಲ" ಅಂದನಂತೆ. ನಿಮಗೆ ರೇಖೆಯೇ ಇಲ್ಲ ಎಂದು. ಅವಳು ಅದನ್ನು ಮನೆಗೆ ಬಂದು ನಗುತ್ತಾ ಹೇಳಿದಳು. ನಾನೂ ನಕ್ಕೆ. ಆಮೇಲೆ ಸಕ್ಕರೆ ಕಾಯಿಲೆ ಬಂತು, ನಗು ನಿಂತಿತು.

ಕೊರೋನಾ ಬಂದ ವರ್ಷ, ಸುಮತಿಯ ಕೈ ಬಿರಿದ ಮೇಲೆ ಪಾತ್ರೆ ತಿಕ್ಕಲಿಕ್ಕೆ ಬರುತ್ತಿದ್ದ ಅಕ್ಕ ಬರುವುದು ನಿಂತಿತು. ಆಗಲೇ ಮೊದಲನೆಯ ಪಾತ್ರೆ ತೊಳೆಯುವ ಯಂತ್ರ ಬಂದದ್ದು. ಮಗಳು ರಮ್ಯಾ ಫೋನಿನಲ್ಲಿ ನೋಡಿ ಆರಿಸಿದ್ದು, ನಾನು ತಲೆ ಆಡಿಸಿದ್ದು. ಇನ್ನು ಸುಮತಿಯ ಕೈಗೆ ನೀರು ಸೋಕುವ ಮಾತೇ ಇಲ್ಲ ಅಂದುಕೊಂಡೆ. ಊರಿನ ನೆಂಟರಿಗೆಲ್ಲ ಫೋನು ಮಾಡಿ ಹೇಳಿದ್ದೂ ಉಂಟು: ನನ್ನ ಹೆಂಡತಿ ಪಾತ್ರೆ ಮುಟ್ಟುವುದಿಲ್ಲ, ಗುಂಡಿ ಒತ್ತುತ್ತಾಳೆ ಅಂತ.

ಆದರೆ ಕೈ ವಾಸಿಯಾಗಲಿಲ್ಲ. ಹೋದ ವರ್ಷ ಬಲಗೈಯ ತೋರುಬೆರಳಿನ ಬಿರುಕಿನಲ್ಲಿ ಕೀವಾಯಿತು. ಬೆರಳು ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಆರು ದಿನ ಆಸ್ಪತ್ರೆ. ಚರ್ಮದ ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು ತಮಿಳಿನಲ್ಲಿ ನಿಧಾನವಾಗಿ, ಮಕ್ಕಳಿಗೆ ಹೇಳುವ ಹಾಗೆ ಹೇಳಿದರು. ಸೋಪು ಬೇಡ, ನೀರು ಬೇಡ, ರಬ್ಬರ್ ಕೈಗವಸೂ ಬೇಡ, ಅದರೊಳಗೆ ಬೆವರುತ್ತದೆ. ಇನ್ನೊಂದು ಸಲ ಹೀಗೆ ಕೀವಾದರೆ ಬೆರಳು ತೆಗೆಯಬೇಕಾಗಬಹುದು. ಒಂದೇ ಬೆರಳೋ, ಹೆಚ್ಚೋ, ಈಗ ಹೇಳಲಿಕ್ಕೆ ಆಗುವುದಿಲ್ಲ.

"ವೀಟ್ಲ ಡಿಶ್‌ವಾಷರ್ ಇರುಕ್ಕಾ?" ಮನೆಯಲ್ಲಿ ಪಾತ್ರೆ ಯಂತ್ರ ಇದೆಯಾ ಎಂದು ಕೇಳಿದರು.

"ಇದೆ ಡಾಕ್ಟರ್, ನಾಲ್ಕು ವರ್ಷದಿಂದ ಇದೆ" ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. ಇವನು ಸುಳ್ಳು ಹೇಳುತ್ತಿದ್ದಾನೋ ಎಂದು ನೋಡುವ ಹಾಗೆ ಇತ್ತು ಆ ನೋಟ. ನನಗೆ ಸಿಟ್ಟು ಬಂತು.

ಅವಳು ಆಸ್ಪತ್ರೆಯಿಂದ ಬಂದ ಮೂರನೆಯ ವಾರ ಯಂತ್ರ ಸತ್ತಿತು. ಒಳಗೆ ಗರಗರ ಎಂದು ಒಂದು ಸದ್ದು, ಮತ್ತೆ ಮೌನ, ಕೆಳಗಿನಿಂದ ನೆಲಕ್ಕೆ ನೀರು. ನಾನು ಅದರ ಬಾಗಿಲನ್ನು ಹತ್ತು ಸಲ ತೆಗೆದು ಹಾಕಿದೆ, ತಟ್ಟಿದೆ, ಕಾಲಿನಲ್ಲಿ ಒದ್ದೂ ಬಿಟ್ಟೆ. ಹೋಟೆಲಿನಲ್ಲಿ ಗ್ರೈಂಡರ್ ನಿಂತರೆ ಬೆಲ್ಟು ಯಾವುದು, ಕಲ್ಲು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಈ ಪೆಟ್ಟಿಗೆಯ ಮುಂದೆ ಕೂತು ಅದರ ಜೊತೆ ಬಂದ ಇಂಗ್ಲಿಷಿನ ಪುಸ್ತಕ ಹಿಡಿದುಕೊಂಡಾಗ ಏಳನೆಯ ಕ್ಲಾಸು ಎಷ್ಟು ಸಣ್ಣದು ಎಂದು ಗೊತ್ತಾಯಿತು. ಮಗಳ ಹತ್ತಿರ ಓದಿ ಹೇಳು ಎನ್ನಲಿಕ್ಕೆ ಮನಸ್ಸು ಬರಲಿಲ್ಲ.

ಅಲ್ಲಿಂದ ಮುಂದೆ ಮನೆಯಲ್ಲಿ ಪಾತ್ರೆ ತೊಳೆಯುವ ಸರದಿ ನಮ್ಮದು. ಬೆಳಗ್ಗಿನದು ರಮ್ಯಾ ಕಾಲೇಜಿಗೆ ಹೋಗುವ ಮೊದಲು, ಮಧ್ಯಾಹ್ನದ್ದು ನಾನು. ಒಂಬತ್ತು ಗಂಟೆ ಬೆಂಕಿಯ ಮುಂದೆ ನಿಂತು ಬಂದ ಕಾಲು ಮರದ ಕೊರಡಾಗಿರುತ್ತದೆ, ಆದರೂ ತೊಳೆದೆ. ಹೀಗೆ ಒಂದು ವಾರ ಆಗಿರಬೇಕು. ರಮ್ಯಾ ನನ್ನ ಹತ್ತಿರ ಬಂದು ದನಿ ತಗ್ಗಿಸಿ ಹೇಳಿದಳು. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳು.

"ಅಪ್ಪಾ, ಅಮ್ಮಾ ತಿರುಂಬ ಕಳುವುರಾಂಗ."

ಅಮ್ಮ ತಿರುಗಿ ತೊಳೆಯುತ್ತಾಳೆ. ನಾವು ತೊಳೆದಿಟ್ಟ ಅಷ್ಟೂ ಪಾತ್ರೆಯನ್ನು, ನಾವಿಬ್ಬರೂ ಇಲ್ಲದ ಹೊತ್ತು ನೋಡಿ, ಮತ್ತೊಮ್ಮೆ. ಹೋಗಿ ನೋಡಿದರೆ ಬ್ಯಾಂಡೇಜಿನ ಅಂಚು ಒದ್ದೆಯಾಗಿತ್ತು.

"ಎಂತಕೆ ಹೀಂಗ್ ಮಾಡ್ತೆ? ಬೆರಳ್ ಹೋತ್ತ್ ಅಂದ್ರ್ ಗೊತ್ತಿತ್ತಲ್ಲ?"

"ಗೊತ್ತಿತ್ತ್" ಅಂದಳು. ಅಷ್ಟೇ.

ನಾನು ಕೂಗಾಡಿದೆ. ಅಡುಗೆಯವನ ಹೆಂಡತಿಗೆ ಗಂಡ ತೊಳೆದದ್ದು ಚೊಕ್ಕ ಕಾಣುವುದಿಲ್ಲವೋ ಎಂದು ಕೇಳಿದೆ. ಹಳೆಯ ಕೆಲಸದ ಅಕ್ಕನ ಮನೆ ಹುಡುಕಿಕೊಂಡು ಹೋಗಿ ಮತ್ತೆ ಬರುತ್ತೀರಾ ಎಂದೆ. ಆಕೆ ಬಾಗಿಲಲ್ಲೇ ನಿಂತು ತನ್ನ ಎರಡೂ ಕೈ ಚಾಚಿ ತೋರಿಸಿದಳು. ಅವೇ ಬಿರುಕು, ಅದೇ ಬೂದು ಬಣ್ಣ. ಇಳಿದು ಬಂದೆ. ಯಂತ್ರವಲ್ಲದೆ ಬೇರೆ ಗತಿ ಇಲ್ಲ ಎಂದು ಅವತ್ತು ನಿಶ್ಚಯವಾಯಿತು. ಈ ಸಲ ಸಾಯದ ಯಂತ್ರ ಬೇಕು.

ಮೊದಲು ಹಳೆಯದರ ಕಥೆ ಏನೆಂದು ತಿಳಿಯೋಣ ಎಂದು ರಿಪೇರಿಯ ಸೆಲ್ವಂ ಎಂಬವನನ್ನು ಕರೆಸಿದೆ. ಮೂವತ್ತರ ಆಸುಪಾಸಿನವನು, ಮಾತು ಕಡಿಮೆ, ಕೈ ಚುರುಕು. ಹಿಂದಿನ ತಗಡು ಬಿಚ್ಚಿ ಟಾರ್ಚು ಹಾಕಿ ತೋರಿಸಿದ. ನೀರು ಕಾಯಿಸುವ ಸುರುಳಿಯ ಮೇಲೆ ಕಲ್ಲುಸಕ್ಕರೆಯ ಹಾಗೆ ದಪ್ಪಗೆ ಬಿಳಿ ಕಟ್ಟಿತ್ತು. ಉಪ್ಪು ತಣ್ಣಿಯ ಕೆಲಸ. ಯಂತ್ರಕ್ಕೆ ಒಂದು ಉಪ್ಪಿನ ಡಬ್ಬಿ ಇರುತ್ತದೆ, ನೀರನ್ನು ಮೆದು ಮಾಡಲಿಕ್ಕೆ. ನಿಮ್ಮ ನೀರು ಎಷ್ಟು ಗಡಸು ಎಂದು ಮೊದಲ ದಿನವೇ ಅದಕ್ಕೆ ತಿಳಿಸಬೇಕಿತ್ತು, ಯಾರೂ ತಿಳಿಸಿಲ್ಲ ಅಂದ. ಮೋಟಾರು ಹಿಡಿದುಕೊಂಡಿದೆ, ಈ ಮಾದರಿಯ ಸಾಮಾನು ಈಗ ಬರುವುದಿಲ್ಲ.

ಆಮೇಲೆ ಅವನು ಕೆಳಗಿನ ಜಾಲರಿಯನ್ನು ತಿರುಗಿಸಿ ಹೊರಗೆ ತೆಗೆದ. ತೊಳೆದ ಪಾತ್ರೆಯ ಹೊಲಸೆಲ್ಲ ಬಂದು ಸೇರುವ ಜಾಗ ಅದು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಎನ್ನ ಸಾರ್, ಇದುಲ ಒರು ಪರುಕ್ಕೆ ಕೂಡ ಇಲ್ಲ."

ಪರುಕ್ಕೆ ಎಂದರೆ ಅನ್ನದ ಅಗುಳು. ಬೇರೆ ಮನೆಗಳಲ್ಲಿ ಇದನ್ನು ಮೂಗು ಮುಚ್ಚಿಕೊಂಡು ತೆಗೆಯುತ್ತೇನೆ, ಇದು ದೇವರ ಕೋಣೆಯ ತಟ್ಟೆಯ ಹಾಗೆ ಇದೆ, ನೀವು ಇದರಲ್ಲಿ ನಿಜವಾಗಿ ಪಾತ್ರೆ ತೊಳೆದಿದ್ದೀರಾ ಎಂದು ಕೇಳಿದ.

ನನಗೆ ಹೆಮ್ಮೆಯಾಯಿತು. "ಇದು ಅಡುಗೆಯವನ ಮನೆ ತಂಬಿ, ಇಲ್ಲಿ ಎಲ್ಲ ಚೊಕ್ಕ ಇರುತ್ತದೆ" ಎಂದೆ. ಬಾಗಿಲ ಬಳಿ ನಿಂತಿದ್ದ ಸುಮತಿ ಒಳಗೆ ಹೋದಳು.

ಸೆಲ್ವಂ ಹೇಳಿದ್ದನ್ನೆಲ್ಲ ಕಾಗದದ ಮೇಲೆ ಬರೆದುಕೊಂಡೆ. ನೀರಿನ ಗಡಸಿಗೆ ತಕ್ಕಂತೆ ತಿರುಗಿಸುವ ವ್ಯವಸ್ಥೆ ಇರಬೇಕು. ಒಳಗಿನ ತಳವೂ ಸ್ಟೀಲೇ ಆಗಿರಬೇಕು, ಪ್ಲಾಸ್ಟಿಕ್ ಆಗದು. ಜಾಲರಿ ಕೈಯಲ್ಲೇ ಬಿಚ್ಚಲಿಕ್ಕೆ ಬರಬೇಕು. ಫೋನು ಮಾಡಿದರೆ ಮನುಷ್ಯ ಬರಬೇಕು, ಅದೂ ಪೆರಂಬೂರಿನ ಆಚೀಚೆಯವನೇ ಆಗಿರಬೇಕು. ಇದನ್ನು ಹಿಡಿದುಕೊಂಡು ನಾನು ಒಂದು ವಾರ ಅಂಗಡಿ ಅಂಗಡಿ ತಿರುಗಿದೆ. ಎಲ್ಲ ಕಡೆ ತಂಪು ಗಾಳಿ, ಹೊಳೆಯುವ ನೆಲ, ಟೈ ಕಟ್ಟಿದ ಮಕ್ಕಳು. ಎಲ್ಲರೂ ಹೇಳುವುದು ಒಂದೇ: ಸಾರ್, ಇದು ಹದಿನಾಲ್ಕು ಜನರ ಊಟದ್ದು. ಯಾವ ದೇಶದ ಹದಿನಾಲ್ಕು ಜನ? ಒಳಗೆ ತಟ್ಟೆ ನಿಲ್ಲಿಸುವ ಕಡ್ಡಿಗಳು ಬಾಚಣಿಗೆಯ ಹಲ್ಲಿನ ಹಾಗೆ. ನಮ್ಮ ಇಡ್ಲಿ ಅಟ್ಟ ಎಲ್ಲಿ ನಿಲ್ಲುತ್ತದೆ, ದೋಸೆಹಿಟ್ಟು ಹಿಡಿದ ಗುಂಡಾಲದಂಥ ದೊಡ್ಡ ಪಾತ್ರೆ ಎಲ್ಲಿ ಕೂರುತ್ತದೆ ಎಂದರೆ ಅವರು ಪಕ್ಕದ ಯಂತ್ರ ತೋರಿಸುತ್ತಾರೆ.

ಮುಂದಿನ ರಜೆಯ ದಿನ ನಾನು ಸುಮತಿಯನ್ನೂ ಕರೆದುಕೊಂಡು, ಎರಡು ದೊಡ್ಡ ಚೀಲದಲ್ಲಿ ಮನೆಯ ಪಾತ್ರೆಗಳನ್ನೇ ತುಂಬಿಕೊಂಡು ಅಂಗಡಿಗೆ ಹೋದೆ. ಬಾಗಿಲಲ್ಲಿ ಕಾವಲಿನವನು ತಡೆದ.

"ಎನ್ನ ಸಾರ್ ಇದು, ಕಲ್ಯಾಣ ಸಮಯಲಾ?" ಮದುವೆ ಅಡುಗೆಯೋ ಎಂದು ಅವನ ತಮಾಷೆ.

"ಹೆಣ್ಣು ನೋಡಲಿಕ್ಕೆ ಬಂದದ್ದು" ಎಂದೆ ನನ್ನ ತಮಿಳಿನಲ್ಲಿ. ಬಿಟ್ಟ.

ಒಳಗೆ ನಾನು ಒಂದೊಂದೇ ಯಂತ್ರದ ಬಾಗಿಲು ತೆಗೆಸಿ ಬಾಣಲೆ, ಇಡ್ಲಿ ತಟ್ಟೆ, ಅನ್ನದ ಪಾತ್ರೆ, ಬಟ್ಟಲುಗಳನ್ನು ಜೋಡಿಸಿದೆ, ತೆಗೆದೆ, ಮತ್ತೆ ಜೋಡಿಸಿದೆ. ಗಿರಾಕಿಗಳು ನಿಂತು ನೋಡುತ್ತಿದ್ದರು. ಮಾರುವ ಹುಡುಗಿ, ಕನ್ನಡಕ ಹಾಕಿದ ಒಳ್ಳೆಯ ಮಗು, ಮೊದಲು ನಕ್ಕಳು, ಮತ್ತೆ ತಾನೂ ನೆಲಕ್ಕೆ ಕೂತು ನನ್ನ ಜೊತೆ ಜೋಡಿಸಲಿಕ್ಕೆ ಶುರು ಮಾಡಿದಳು. ನಾಲ್ಕನೆಯ ಯಂತ್ರದಲ್ಲಿ ಎಲ್ಲ ಕೂತಿತು. ಮೇಲಿನ ಅಟ್ಟ ಏರಿಸಲಿಕ್ಕೆ, ಇಳಿಸಲಿಕ್ಕೆ ಬರುತ್ತಿತ್ತು. ಕಾಗದದಲ್ಲಿ ಬರೆದದ್ದೆಲ್ಲ ಸರಿಹೊಂದಿತು. ಅಷ್ಟು ದಿನದ ಬಳಿಕ ಮೊದಲ ಸಲ ನನ್ನ ಎದೆ ಹಗುರವಾಯಿತು.

ಪಾತ್ರೆಗಳನ್ನು ಹೊರಗೆ ತೆಗೆದಿಟ್ಟೆ. ನೋಡಿದರೆ ಸುಮತಿ ಅವನ್ನು ನೆಲದ ಮೇಲೆ ಎರಡು ಗುಂಪು ಮಾಡಿ ಇಟ್ಟಿದ್ದಳು. ಹುಡುಗಿಯ ಹತ್ತಿರ ಒಂದೇ ಒಂದು ಪ್ರಶ್ನೆ ಕೇಳಿದಳು. ಅವಳ ತಮಿಳು ನನ್ನದಕ್ಕಿಂತ ಚೆನ್ನ.

"ಮೇಲಿನ ಅಟ್ಟಕ್ಕೆ ಬರುವ ನೀರು ಬೇರೆ, ಕೆಳಗಿನದಕ್ಕೆ ಬರುವ ನೀರು ಬೇರೆಯಾ ಮಾ?"

"ಇಲ್ಲ ಆಂಟಿ, ಒರೇ ತಣ್ಣಿ ದಾನ್. ಸುತ್ತಿ ಸುತ್ತಿ ವರುಂ." ಒಂದೇ ನೀರು, ಅದೇ ಸುತ್ತಿ ಸುತ್ತಿ ಬರುತ್ತದೆ. ನೀರು ಉಳಿತಾಯ ಎಂದು ಹುಡುಗಿ ಸಂತೋಷದಿಂದ ವಿವರಿಸಿದಳು.

ಸುಮತಿ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು. "ಬೇಡ. ಹೋಪ" ಅಂದಳು.

ಅಂಗಡಿಯ ಹೊರಗೆ ಬಿಸಿಲು ಕುದಿಯುತ್ತಿತ್ತು. ಬಸ್ ನಿಲ್ದಾಣದ ನೆರಳಿನಲ್ಲಿ ಎರಡು ಚೀಲ ನಡುವೆ ಇಟ್ಟುಕೊಂಡು ಕೂತೆವು. ಯಾಕೆ ಬೇಡ ಎಂದು ಕೇಳಿದೆ. ಮತ್ತೆ ಕೇಳಿದೆ. ಆಗ ಹೇಳಿದಳು. ಹಳೆಯ ಯಂತ್ರದೊಳಗೂ ನೀರು ಒಂದೇ ಇರಬೇಕು ಎಂಬ ಅನುಮಾನ ಅವಳಿಗೆ ಮೊದಲ ವಾರವೇ ಬಂದಿತ್ತು. ಉಂಡ ಬಟ್ಟಲಿನ ಎಂಜಲು ನೀರೇ ಅನ್ನದ ಪಾತ್ರೆಗೂ ಹಾಲಿನ ಪಾತ್ರೆಗೂ ಚಿಮ್ಮುವುದಾದರೆ ಹೇಗೆ? ಅದಕ್ಕೆ ಅವಳು ಪ್ರತಿಯೊಂದನ್ನೂ ಕೈಯಲ್ಲಿ ತೊಳೆದು, ಮೊದಲು ಎಂಜಲಿನದು, ಸಿಂಕು ತಿಕ್ಕಿ, ಮತ್ತೆ ಅನ್ನ ಬೇಯಿಸಿದ ಮುಸುರೆಯದು, ಮತ್ತೆ ಸಿಂಕು ತಿಕ್ಕಿ ಹಾಲಿನದು, ಎಲ್ಲ ಚೊಕ್ಕವಾದ ಮೇಲೆ ಯಂತ್ರದೊಳಗೆ ಇಡುತ್ತಿದ್ದಳು. ನಾಲ್ಕು ವರ್ಷ ಆ ಯಂತ್ರ ತೊಳೆದ ಪಾತ್ರೆಯನ್ನೇ ತೊಳೆದಿತ್ತು. ಸೆಲ್ವಂ ಕಂಡ ಜಾಲರಿ, ಡಾಕ್ಟರಮ್ಮನ ನೋಟ, ಎಲ್ಲ ಒಂದೇ ಸಲ ನನ್ನ ಮುಂದೆ ಬಂದು ನಿಂತವು.

"ನಿಂಗೆ ಈ ಮರುಳ್ ಯಾರ್ ಹೇಳಿಕೊಟ್ಟದ್?" ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನೀವೇ ಹೇಳಿದ್ದಲ್ದಾ?"

ಪೆರಂಬೂರಿನ ಮನೆಯಲ್ಲಿ ನಮ್ಮ ಮೊದಲ ಊಟ. ಹತ್ತೊಂಬತ್ತು ವರ್ಷದ ಹುಡುಗಿ ನಾನು ಉಂಡ ಬಟ್ಟಲನ್ನೂ ಅನ್ನದ ಪಾತ್ರೆಯನ್ನೂ ಆ ಒಂದು ಸಿಂಕಿನೊಳಗೆ ಒಟ್ಟಿಗೆ ಹಾಕಿದಳಂತೆ. ನಾನು ಎದ್ದು ಬಂದು ನೋಡಿ, ನಿಮ್ಮ ಮನೆಯಲ್ಲಿ ಇದೇ ಕಲಿಸಿದ್ದಾ ಎಂದೆನಂತೆ. "ನಾವ್ ಊರ್ ಬಿಟ್ಟದ್ದ್ ಹೌದ್, ಶುದ್ಧ ಬಿಟ್ಟದ್ದಲ್ಲ" ಎಂದೆನಂತೆ. ಅವಳು ನನ್ನ ದನಿಯನ್ನೂ ಸೇರಿಸಿ ಹೇಳಿದಳು.

ನನಗೆ ನೆನಪಿಲ್ಲ. ಎಷ್ಟು ಅಗೆದರೂ ನೆನಪಿಲ್ಲ. ಆದರೆ ಆ ಮಾತು ನನ್ನದೇ ಎಂಬುದರಲ್ಲಿ ಸಂಶಯವೂ ಇಲ್ಲ. ಆ ವಯಸ್ಸಿನ ನಾನು ಹಾಗೆಯೇ ಮಾತಾಡುತ್ತಿದ್ದೆ. ಬಸ್ಸುಗಳು ಬಂದು ಹೋದವು. ನಾನು ಯಾವುದಕ್ಕೂ ಏಳಲಿಲ್ಲ.

ಮನೆಗೆ ಬಂದು ಹೇಳಿದೆ: ಆ ಮಾತು ನಾನು ಆಡಿದ್ದು, ಈಗ ವಾಪಸು ತಗೊಂಡೆ.

"ಮಾತ್ ನಿಮ್ದ್, ಹೌದ್. ಕೈ ನಂದ್" ಅಂದಳು. "ಈ ಕೈಗೆ ನೀವೇ ಹೇಳಿ ಕಾಂಬ, ಕೇಣತ್ತಾ ಅಂತ."

ಅವತ್ತು ಊರಿನಲ್ಲಿರುವ ನನ್ನ ಅಕ್ಕನಿಗೆ ಫೋನು ಮಾಡಿದೆ. ಅಲ್ಲಿ ಈಗ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅವಳು ಬಿದ್ದು ಬಿದ್ದು ನಕ್ಕಳು. "ಅದೆಲ್ಲ ಈಗ ಯಾರ್ ಕಾಂತ್ರ್ ಮಾರಾಯ? ಹಿತ್ತಲ ಕಲ್ಲ್ ತೆಗ್ದ್ ಕಾರ್ ನಿಲ್ಸುಕೆ ಜಾಗ ಮಾಡಿತ್. ಒಂದೇ ಸಿಂಕ್, ಒಂದೇ ಬ್ರಶ್. ನೀವ್ ಮದ್ರಾಸಿನವ್ರ್ ಇನ್ನೂ ಹಳೆ ಕಾಲದಾಗಿದ್ರ್ಯಾ?"

ಇದನ್ನು ಸುಮತಿಗೆ ಹೇಳಿದರೆ ಬದಲಾಗುತ್ತಾಳೆ ಎಂದುಕೊಂಡೆ. ಅವಳು ಮುಲಾಮು ಹಚ್ಚಿಕೊಳ್ಳುತ್ತಾ ಕೇಳಿಸಿಕೊಂಡಳು.

"ಅವ್ರ್ ಊರಲ್ಲಿದ್ದವ್ರ್, ಬಿಟ್ರೂ ಊರಿನವ್ರೇ. ನಾವ್ ಇಲ್ಲಿ ಇದನ್ನೂ ಬಿಟ್ರೆ ಯಾವ್ ಊರಿನವ್ರ್?"

ಮೂವತ್ತು ವರ್ಷದ ಹತ್ತಿರವಾಯಿತು ಇಲ್ಲಿ. ಮಗಳು ಕನಸು ಕಾಣುವುದು ತಮಿಳಿನಲ್ಲಿ. ನಾನು ಬೈಯುವುದೂ ಈಗ ತಮಿಳಿನಲ್ಲೇ. ಊರಿಗೆ ಹೋದರೆ ಮದ್ರಾಸಿನ ಭಟ್ಟ ಬಂದ ಎನ್ನುತ್ತಾರೆ, ಇಲ್ಲಿ ಕರ್ನಾಟಕಾಕಾರರು ಎನ್ನುತ್ತಾರೆ.

ಹಾಗಾದರೆ ಎರಡು ಯಂತ್ರ ತಂದುಬಿಡುತ್ತೇನೆ ಎಂದೆ. ಮೇಜಿನ ಮೇಲೆ ಇಡುವ ಸಣ್ಣವು ಬರುತ್ತವಲ್ಲ; ಎಂಜಲಿಗೊಂದು, ಅಡುಗೆಯದಕ್ಕೊಂದು, ಹೋಟೆಲಿನ ಎರಡು ತೊಟ್ಟಿಯ ಹಾಗೆ. ಸುಮತಿಯ ಮುಖದಲ್ಲಿ ಗೆಲುವು ಕಂಡಿತು. ಸೆಲ್ವಂನನ್ನು ಕೇಳಿದೆ. ಅವನು ನಗಲಿಲ್ಲ. ಅವನ ಅಜ್ಜಿಯೂ ಹಾಗೆಯೇ ಇದ್ದಳಂತೆ. ಆದರೆ ಆ ಸಣ್ಣವುಗಳಲ್ಲಿ ಬಹಳಷ್ಟಕ್ಕೆ ಉಪ್ಪಿನ ಡಬ್ಬಿಯೇ ಇರುವುದಿಲ್ಲ, ನಿಮ್ಮ ನೀರಿಗೆ ಒಂದು ವರ್ಷವೂ ತಡೆಯುವುದಿಲ್ಲ, ಈಗ ಮನೆಯಲ್ಲಿ ಒಂದು ಹೆಣ ಇದೆ, ಆಗ ಎರಡು ಇರುತ್ತದೆ ಅಂದ. ಅವು ಕೆಟ್ಟ ದಿನ ಅಮ್ಮ ಮತ್ತೆ ಸಿಂಕಿನ ಮುಂದೆ ನಿಲ್ಲುತ್ತಾರೆ, ಯೋಚಿಸಿ ಸಾರ್.

ಎರಡು ದಿನ ಯೋಚಿಸಿದೆ. ಒಲೆಯ ಮುಂದೆ ನಿಂತು ಸಾಂಬಾರಿಗೆ ಎರಡು ಸಲ ಉಪ್ಪು ಹಾಕಿದೆ, ಕೈಕೆಳಗಿನವರು ನನ್ನ ಮುಖ ನೋಡಿದರು. ಅವಳು ನಂಬುವ ಎರಡು ಯಂತ್ರ ಬಾಳಿಕೆ ಬರುವುದಿಲ್ಲ. ಬಾಳಿಕೆ ಬರುವ ಒಂದನ್ನು ಅವಳು ನಂಬುವುದಿಲ್ಲ. ನಡುವೆ ಅವಳ ಬೆರಳು. ಕಡೆಗೆ ಆ ನಾಲ್ಕನೆಯ ಯಂತ್ರವನ್ನೇ ತಂದೆ. ಸೆಲ್ವಂ ನಮ್ಮ ನಲ್ಲಿಯ ನೀರನ್ನು ಸಣ್ಣ ಕಾಗದದ ಪಟ್ಟಿಯಲ್ಲಿ ಅದ್ದಿ ನೋಡಿ, ಗಡಸಿನ ಲೆಕ್ಕ ಹಿಡಿದು, ಕಡೆಯ ಅಂಕಿಗೆ ತಿರುಗಿಸಿ ಕೊಟ್ಟ. ಇಂಗ್ಲಿಷಿನ ಪುಸ್ತಕವನ್ನು ಈ ಸಲ ರಮ್ಯಾಳ ಕೈಗೆ ನಾನೇ ಕೊಟ್ಟೆ, ಓದು ಎಂದೆ. ಅವಳು ತಮಿಳಿನಲ್ಲಿ ಹೇಳುತ್ತಾ ಹೋದಳು, ನಾನು ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಿದೆ.

ಮೊದಲ ದಿನ ಮಧ್ಯಾಹ್ನ ಊಟವಾದ ಮೇಲೆ ನಾನು ಉಂಡ ಬಟ್ಟಲನ್ನು, ಸಾರು ಅನ್ನ ಅಂಟಿಕೊಂಡ ಹಾಗೆಯೇ, ಅನ್ನದ ಪಾತ್ರೆಯ ಪಕ್ಕ ಒಳಗಿಟ್ಟೆ. ನನ್ನ ಕೈಗೂ ಅದು ಸುಲಭವಾಗಲಿಲ್ಲ, ಸುಳ್ಳು ಹೇಳುವುದಿಲ್ಲ. ಬಾಗಿಲು ಹಾಕಿ ಗುಂಡಿ ಒತ್ತಿದೆ. ಯಂತ್ರ ನಿಂತ ಮೇಲೆ ಅದೇ ಪಾತ್ರೆಯಲ್ಲಿ ಅನ್ನ ಮಾಡಿ, ಅವಳ ಎದುರೇ ಕೂತು ಉಂಡೆ. ಸುಮತಿ ನೋಡಿದಳು. ಅವಳು ಆ ಅನ್ನ ಉಣ್ಣಲಿಲ್ಲ. ಒಂದು ಸಣ್ಣ ಪಾತ್ರೆಯಲ್ಲಿ ತನಗೆ ಹಿಡಿ ಅಕ್ಕಿ ಬೇರೆಯೇ ಇಟ್ಟುಕೊಂಡಳು. ಮರುದಿನವೂ ಹಾಗೆಯೇ. ರಮ್ಯಾ ನಕ್ಕು, "ಅಮ್ಮಾ ತನಿಕ್ಕುಡಿತ್ತನಂ ಪೋಯ್ಟಾಂಗ" ಎಂದಳು. ಅಮ್ಮ ಬೇರೆ ಸಂಸಾರ ಹೂಡಿದಳು ಎಂದು. ಸುಮತಿಯೂ ನಕ್ಕಳು.

ಅಲ್ಲಿಗೆ ನಮ್ಮಲ್ಲಿ ಒಂದು ಒಪ್ಪಂದವಾಯಿತು, ಬಾಯಿಬಿಟ್ಟು ಆಡದೆ ಆದದ್ದು. ಮನೆಯ ಪಾತ್ರೆಗಳೆಲ್ಲ ಎಂಜಲು ಮುಸುರೆ ಸಮೇತ ಯಂತ್ರಕ್ಕೆ. ಜಾಲರಿಯಲ್ಲಿ ಈಗ ಅಗುಳು ಸಿಗುತ್ತದೆ, ಸಾಸಿವೆ ಸಿಗುತ್ತದೆ. ನಾನೇ ತೆಗೆದು ತೊಳೆಯುತ್ತೇನೆ. ಅವಳ ಒಂದು ಪಾತ್ರೆ ಮತ್ತು ಒಂದು ಬಟ್ಟಲು ಮಾತ್ರ ಹೊರಗೆ. ನಾಲ್ಕು ತಿಂಗಳಾಯಿತು. ಎಡಗೈಯ ಬಿರುಕುಗಳು ಮುಚ್ಚಿವೆ. ಬಲಗೈಯ ತೋರುಬೆರಳಿನ ಬುಡದಲ್ಲಿ ಒಂದು ಇನ್ನೂ ತೆರೆದಿದೆ. ಡಾಕ್ಟರಮ್ಮ ಅದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಾರೆ, ಯಾವ ಭರವಸೆಯನ್ನೂ ಕೊಡುವುದಿಲ್ಲ. ಇನ್ನೂ ಎಲ್ಲಿ ನೀರು ಸೋಕುತ್ತಿದೆ ಎಂದು ಕೇಳಿದರು. ಸುಮತಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಆ ಎರಡನ್ನು ನಾನು ತೊಳೆಯುತ್ತೇನೆ ಎಂದರೆ "ನಿಮ್ಗ್ ಬತ್ತಿಲ್ಲೆ" ಎಂಬುದೇ ಅವಳ ಉತ್ತರವಾಗಿತ್ತು. ಹನ್ನೊಂದು ಜನರಿಗೆ ಕೆಲಸ ಹೇಳುವವನಿಗೆ ಒಂದು ಪಾತ್ರೆ ತೊಳೆಯಲಿಕ್ಕೆ ಬರುವುದಿಲ್ಲ.

ನಿನ್ನೆ ನಾನು ಕ್ಯಾನಿನ ಕುಡಿಯುವ ನೀರು ತುಂಬಿಸಿಕೊಂಡು, ಹೊಸ ತೆಂಗಿನ ನಾರು ಹಿಡಿದು, ಸಿಂಕನ್ನು ಮೂರು ಸಲ ತಿಕ್ಕಿ, ಅವಳ ಪಾತ್ರೆಗೆ ಕೈ ಹಾಕಿದೆ. ಅವಳು ಬಂದು ನನ್ನ ಪಕ್ಕ ನಿಂತಳು. ಕಸಿದುಕೊಳ್ಳುತ್ತಾಳೆ ಎಂದುಕೊಂಡೆ.

"ಬಟ್ಲ್ ಮೊದ್ಲ್" ಅಂದಳು. "ಮತ್ತೆ ಕೈ ತೊಳ್ದ್ಕಣಿ. ನಾರ್ ಬದ್ಲ್ ಮಾಡಿ."

ಬದಲು ಮಾಡಿದೆ.

"ಒಳಗಿಂದ ಹೊರಗೆ ತಿಕ್ಕಿ. ಹಾಂಗಲ್ಲ. ಅಂಚ್ ಬಿಟ್ಟ್ ಹೋಯ್ತ್ ಕಾಣಿ."

ನಾನು ಅಂಚು ತಿಕ್ಕಿದೆ, ತೊಳೆದು ಎತ್ತಿ ತೋರಿಸಿದೆ. ಅವಳು ಬೆಳಕಿಗೆ ಬಗ್ಗಿ ನೋಡಿದಳು.

"ಇನ್ನೊಂದ್ ಸಲ."

ಅವಳು ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಎರಡೂ ಒಣಗಿದ್ದವು. ನಾನು ಮತ್ತೆ ನೀರು ಹೊಯ್ದುಕೊಂಡೆ.